ಬೆಂಕಿ ಮಾಡಿದ ಪಾಲು

ಸುಳ್ಳು ಅನ್ನೋ ತಾಕತ್ತಿದ್ದರೆ ಅನ್ನಿ, ಇಂಥ ಪಾಲು ನಮ್ಮೂರು ಬಿಟ್ಟು ಇನ್ನೆಲ್ಲೂ ಆಗಿಲ್ಲ!

ಅಪ್ಪ ತೀರಿಕೊಂಡ ಮೇಲೆ ಹಾಲಪ್ಪ, ಕೊಟ್ರೇಶಿ ಎಂಬ ಅಣ್ಣತಮ್ಮಂದಿರಿಗೆ ಉಳಿದದ್ದು ಒಂದು ಹೊಲಿಗೆ ಮಷಿನ್ನು, ಒಂದು ಹಾರ್ಮೋನಿಯಂ, ಒಂದು ಎಮ್ಮೆ. ಇಬ್ಬರಿಗೂ ಮೂರೂ ಬೇಕು. ಮಾರೋಣ ಅಂದರೆ ಇಬ್ಬರೂ ಕುಡುಗೋಲು ಎತ್ತುತ್ತಾರೆ. ಪಂಚಾಯ್ತಿಗೆ ಬಂದ ಸೋದರಮಾವ ಸೋತು ಸುಣ್ಣವಾಗಿ, ಮನೆಯ ಆಳಿನ ಮೇಲೆ ಹರಿಹಾಯ್ದ.

"ಲೇ, ಹೊತ್ತು ಮುಳುಗೋದ್ರೊಳಗ ಇಬ್ರೂ ಒಪ್ಪೋ ಹಂಗ ನೀನ ಪಾಲು ಮಾಡು. ಇಲ್ಲಾಂದ್ರ ಈ ಮನಿ ಅನ್ನ ನಿನಗಿಲ್ಲ!"

"ಆಗ್ಲಿ ಗೌಡ್ರ" ಎಂದು ಆಳು ಹಿತ್ತಲಿಗೆ ಹೋದ. ಹಸಿ ಹುಲ್ಲಿಗೆ ಕಡ್ಡಿ ಗೀರಿದ. ಹೊಗೆ ಒಳಗೆ ನುಗ್ಗಿದ್ದೇ ತಡ, ಕೂಗಿದ: "ಬೆಂಕಿ! ಮನಿಗೆ ಬೆಂಕಿ!"

ಅಣ್ಣ ಮಷಿನ್ನು ಹೊತ್ತು ಅಂಗಳಕ್ಕೆ ಹಾರಿದ. ತಮ್ಮ ಹಾರ್ಮೋನಿಯಂ ತಬ್ಬಿಕೊಂಡು ಅವನ ಮೇಲೇ ಬಿದ್ದ. ಮಾವ ಪಂಚೆಯನ್ನೇ ಒಳಗೆ ಬಿಟ್ಟು ಬಂದಿದ್ದ.

ಹಿಂದೆಯೇ ಆಳು ಎಮ್ಮೆ ಹಿಡಿದುಕೊಂಡು ನಿಧಾನಕ್ಕೆ ಬಂದ. "ಪಾಲಾತು ಗೌಡ್ರ. ಬೇಕಾದ್ದನ್ನ ಅವರವರ ಹೊತ್ತು ತಂದಾರ."

ಅಣ್ಣತಮ್ಮಂದಿರು ತಮ್ಮ ಕೈಯಲ್ಲಿದ್ದದ್ದನ್ನು ನೋಡಿಕೊಂಡು ಬೆಚ್ಚಿದರು. ಆದರೆ ಇಬ್ಬರೂ ಅದನ್ನು ಕೆಳಗಿಡಲಿಲ್ಲ.

"ಮತ್ತ ಎಮ್ಮಿ?" ಮಾವ ತೊದಲಿದ.

"ಅದರ ನೆಪ್ಪು ಯಾರಿಗೆ ಬಂತು, ನೀವ ಹೇಳ್ರಿ."

ಎಮ್ಮೆಯನ್ನು ಆಳಿಗೆ ಕೊಟ್ಟರು.