ಹೆಸರು ಮರೆತ ರಾಣಿ ಬರಿಮಣೆಯನ್ನು ಪೂಜಿಸಿದ್ದು

ಕೈಯಲ್ಲಿ ಒಂದಿಷ್ಟು ಅಕ್ಷತೆ, ಒಂದು ಹೂವು ಹಿಡಿದು ದೀಪದ ಕಡೆಗೆ ಮುಖ ಮಾಡಿ ಕುಳಿತುಕೊಳ್ಳಿರಮ್ಮಾ. ಬರಿಮಣೆಯ ವ್ರತದ ಕಥೆಯನ್ನು ಈ ಮನೆಯ ಹಿರಿಯರು ಹೇಳುತ್ತ ಬಂದ ಹಾಗೆಯೇ ಹೇಳುತ್ತೇನೆ.

ತುಂಗಭದ್ರೆಯ ತೀರದಲ್ಲಿ ಕಂಕಣಪುರವೆಂಬ ಪಟ್ಟಣವಿತ್ತು. ಇಂದುಶೇಖರನೆಂಬ ಅರಸನು ಅಲ್ಲಿ ನ್ಯಾಯದಿಂದ ರಾಜ್ಯವಾಳಿಕೊಂಡಿರಲು, ಅವನಿಗೆ ಕನಕಾಂಬಿಕೆಯೆಂಬ ರಾಣಿಯೂ, ಆ ರಾಣಿಗೆ ಇನ್ನೂ ಮೊಲೆಹಾಲು ಬಿಡದ ಸುಪ್ರಭೆಯೆಂಬ ಮಗಳೂ ಇದ್ದರು. ಆ ಅರಮನೆಯಲ್ಲಿ ಕಾರ್ತಿಕದ ಕಡೆಯ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಬರಿಮಣೆಯ ವ್ರತ ನಡೆಯುವುದು ರೂಢಿ. ತೊಳೆದು ರಂಗೋಲಿಯಿಟ್ಟ ಒಂದು ಮಣೆ. ಅದರ ಮೇಲೆ ಮೂರ್ತಿಯಿಲ್ಲ, ಕಲಶವಿಲ್ಲ, ಪಟವಿಲ್ಲ. ಊರಿನ ಎಲ್ಲ ಕೇರಿಯ ಹೆಂಗಸರೂ ಬಂದು ಒಂದೇ ದೀಪದ ಸುತ್ತ ಕುಳಿತು, ಹೂವೇರಿಸಿ, ಆ ಬರಿಯ ಮಣೆಗೇ ಆರತಿಯೆತ್ತಿ, ಬಾಗಿಲಿಗೆ ಬಂದವರಿಗೆ ಉಣಬಡಿಸಿ ಹೋಗುತ್ತಿದ್ದರು. ರಾಣಿಯ ಅತ್ತೆ ಬದುಕಿರುವ ತನಕ ಅದು ಹೀಗೆಯೇ ನಡೆದು ಬಂತು.

ಅತ್ತೆ ತೀರಿಕೊಂಡ ಮೇಲೆ ವ್ರತವು ಕನಕಾಂಬಿಕೆಯ ಕೈಗೆ ಬರಲಾಗಿ, ಅವಳು ಸಾಲಾಗಿ ಕುಳಿತ ಅಗಸಗಿತ್ತಿ, ಕುಂಬಾರಗಿತ್ತಿ, ಹೂವಾಡಗಿತ್ತಿಯರನ್ನು ನೋಡಿದಳು, ಖಾಲಿ ಮಣೆಯನ್ನು ನೋಡಿದಳು, ಎರಡೂ ಅವಳಿಗೆ ಹಿಡಿಸಲಿಲ್ಲ. ಹೊರಗಿನವರನ್ನು ಎಬ್ಬಿಸಿ ಕಳುಹಿಸಿದಳು. ಆಮೇಲೆ ಪಟ್ಟದ ಒಡವೆಗಳನ್ನೆಲ್ಲ ತೊಟ್ಟು ತಾನೇ ಹೋಗಿ ಆ ಮಣೆಯ ಮೇಲೆ ಕುಳಿತು, ದಾಸಿಯರಿಗೆ ಆರತಿಯೆತ್ತಲು ಅಪ್ಪಣೆ ಮಾಡಿದಳು.

ಮಗುವಿನ ದಾದಿ ಮಲ್ಲಿಯಕ್ಕನು ಅರಮನೆಯಲ್ಲಿಯೇ ತಲೆ ನರೆತವಳು. ಅವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ತಾಯಿ, ಆ ಮಣೆ ಕಣ್ಣಿಗೆ ಕಾಣುವಂಥದ್ದಕ್ಕಲ್ಲ" ಎಂದಳು.

"ಕಾಣದ್ದಕ್ಕೆ ಆರತಿಯೆತ್ತಿ ಬಂದದ್ದೇನು?" ಎಂದಳು ರಾಣಿ. "ಕಾಣುವ ನಾನು ಇದ್ದೇನಲ್ಲ, ಎತ್ತಿ."

ದಾಸಿಯರು ಆರತಿ ಎತ್ತಿದರು. ಬರಿಮಣೆಗೆ ಸಿಟ್ಟಿಲ್ಲ, ಶಾಪ ಕೊಡುವ ಬಾಯಿಯೂ ಇಲ್ಲ. ಆ ದಿನ ಏನೂ ಆಗಲಿಲ್ಲ.

ಹೀಗಿರಲು ಮಳೆಗಾಲ ಬಂದು, ರಾಣಿಯ ತೌರಿನಲ್ಲಿ ತಮ್ಮನ ಮದುವೆ ನಿಶ್ಚಯವಾಯಿತು. ಹೊಳೆ ಏರಿದ್ದರಿಂದ ಮಗುವನ್ನು ದಾದಿಯ ಬಳಿ ಬಿಟ್ಟು, ಎರಡು ದಿನದ ಮಾತೆಂದುಕೊಂಡು ರಾಣಿಯು ಹರಿಗೋಲು ಹತ್ತಿದಳು. ನಡುಹೊಳೆಯಲ್ಲಿ ಸುಳಿಗೆ ಸಿಕ್ಕ ಹರಿಗೋಲು ತಿರುತಿರುಗಿ ಮಗುಚಿಕೊಂಡಿತು. ಅಂಬಿಗರು ಈಜಿ ದಡ ಸೇರಿದರು. ರಾಣಿಯ ಹಣೆ ಬಂಡೆಗೆ ಬಡಿದು, ನೀರು ಅವಳನ್ನು ಬಹುದೂರ ಎಳೆದುಕೊಂಡು ಹೋಯಿತು. ಅರಸನು ಎರಡು ದಡಗಳಲ್ಲಿಯೂ ಹುಡುಕಿಸಿ, ಸೆರಗಿನ ಚೂರೂ ಸಿಕ್ಕದಿರಲು, ಸತ್ತಳೆಂದೇ ತಿಳಿದು ಉತ್ತರಕ್ರಿಯೆ ಮಾಡಿಸಿದನು.

ಅವಳು ಸತ್ತಿರಲಿಲ್ಲ. ಹೊಳೆ ದಾಟುವ ದೂರದ ಒಂದು ಕಡವಿನಲ್ಲಿ ಬಾಚವ್ವನೆಂಬ ವಿಧವೆಯು ದಾರಿಹೋಕರಿಗೆ ನೀರುಮಜ್ಜಿಗೆ ಕೊಡುವ ಅರವಟ್ಟಿಗೆ ನಡೆಸಿಕೊಂಡಿದ್ದಳು. ಬೆಳಗ್ಗೆ ನೀರಿಗೆ ಹೋದವಳು ಲಕ್ಕಿಗಿಡದ ಪೊದೆಯಲ್ಲಿ ಸಿಕ್ಕಿಕೊಂಡ ಹೆಂಗಸನ್ನು ಕಂಡು, ಉಸಿರಿರುವುದನ್ನು ನೋಡಿ, ಎಳೆದು ತಂದು ಒಲೆಯ ಪಕ್ಕದಲ್ಲಿ ಮಲಗಿಸಿದಳು. ಒಡವೆಗಳೆಲ್ಲ ಹೊಳೆಪಾಲಾಗಿದ್ದವು. ಕಾಲುಂಗುರ ಮಾತ್ರ ಉಳಿದಿತ್ತು. ಜ್ವರ ಇಳಿದು ಕಣ್ಣು ಬಿಟ್ಟಾಗ ಬಾಚವ್ವನು ಹೆಸರು ಕೇಳಿದಳು. ಹೇಳಲೆಂದು ಬಾಯಿ ತೆರೆದವಳಿಗೆ ಹೆಸರು ಬರಲಿಲ್ಲ. ಊರು ಬರಲಿಲ್ಲ. ಹೆತ್ತವರು, ಗಂಡ, ಯಾರೂ ನೆನಪಿಗೆ ಬರಲಿಲ್ಲ. ಒಲೆಯೆಂದರೆ ಒಲೆ, ನೀರೆಂದರೆ ನೀರು ಎಂಬುದು ತಿಳಿಯುತ್ತಿತ್ತು. ತಾನು ಮಾತ್ರ ಯಾರೆಂದು ತಿಳಿಯುತ್ತಿರಲಿಲ್ಲ.

ಅದಕ್ಕಿಂತ ಕಷ್ಟವಾದದ್ದು ಇನ್ನೊಂದಿತ್ತು. ಹೊತ್ತುಹೊತ್ತಿಗೆ ಎದೆ ಕಟ್ಟಿಕೊಂಡು ಹಾಲು ಸೋರಿ ಸೀರೆ ನೆನೆಯುತ್ತಿತ್ತು. ಎಲ್ಲೋ ಒಂದು ಕೂಸು ತನಗಾಗಿ ಅಳುತ್ತಿದೆಯೆಂದು ಮೈಗೆ ಗೊತ್ತು, ಯಾವ ಕೂಸು ಎಂದು ಮನಸ್ಸಿಗೆ ಗೊತ್ತಿಲ್ಲ. ಅವಳು ಕಡವಿಗೆ ಬಂದವರನ್ನೆಲ್ಲ ತಡೆದು, ನನ್ನನ್ನು ನೀವು ಬಲ್ಲಿರಾ, ನಾನು ಯಾರ ಮನೆಯವಳು ಎಂದು ಕೇಳುವಳು. ಬಲ್ಲೆವೆನ್ನುವವರು ಯಾರೂ ಇರಲಿಲ್ಲ. ಹಾಲು ಬತ್ತಿದ ದಿನ, ತನಗಿದ್ದ ಒಂದೇ ಗುರುತೂ ಹೋಯಿತೆಂದು ಅವಳು ಅನ್ನ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಪಟ್ಟ, ಒಡವೆ, ರೂಪು, ಹೆಸರು ಇವನ್ನೇ ತಾನೆಂದು ಹಿಡಿದುಕೊಂಡಿದ್ದವಳಿಗೆ ಅವು ಜಾರಿದ ಮೇಲೆ ಕಾಲೂರಲು ನೆಲವಿಲ್ಲದಂತಾಯಿತು.

ಬಾಚವ್ವನು ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತಳು. ಉಣ್ಣೆಂದರೆ, ಉಣ್ಣಲು ಇಲ್ಲಿ ಯಾರೂ ಇಲ್ಲ, ನಾನು ಇಲ್ಲವಾಗಿ ಹೋಗಿದ್ದೇನೆ ಎಂದು ಅವಳು ಹೇಳಿದಳು.

"ಹೆಸರು ಮರೆತದ್ದು ನಿನಗೆ ಗೊತ್ತಿದೆಯಲ್ಲ?" ಎಂದು ಬಾಚವ್ವ ಕೇಳಿದಳು.

"ಗೊತ್ತಿದೆ."

"ಅದು ಯಾರಿಗೆ ಗೊತ್ತಿದೆ?"

ಅವಳು ಗೋಡೆಯಿಂದ ಈ ಕಡೆಗೆ ತಿರುಗಿದಳು. ಬಾಚವ್ವನು ಬಟ್ಟಲನ್ನು ಅವಳ ಕೈಗಿಟ್ಟು ಹೇಳಿದಳು: "ಮನೆಯೊಳಗೆ ಏನೂ ಇಲ್ಲವೆಂದು ಕಾಣಬೇಕಾದರೂ ದೀಪ ಬೇಕು ಮಗಳೇ. ನಿನ್ನ ನೆನಪು ಹೋಗಿದೆ, ದೀಪ ಹೋಗಿಲ್ಲ. ಕೂಸಿಗಾಗಿ ಅಳು, ಬೇಡವೆನ್ನುವುದಿಲ್ಲ. ನಾನು ಇಲ್ಲ ಎಂದು ಮಾತ್ರ ಅಳಬೇಡ."

ಅವಳು ಗಂಜಿ ಕುಡಿದಳು. ಮಾರನೆಯ ದಿನದಿಂದ ಕೊಡ ಹೊತ್ತು ನೀರು ತಂದಳು, ಮೊಸರು ಕಡೆದಳು, ಬಂದವರಿಗೆ ಮಜ್ಜಿಗೆ ಹೊಯ್ದಳು. ಆ ಮಾತು ಅವಳ ಜೊತೆಗೇ ಇತ್ತು. ಬಿಸಿಲು ತಾಗಿದರೆ ಬಿಸಿಲು ತಿಳಿಯುತ್ತದೆ, ದುಃಖ ಬಂದರೆ ದುಃಖ ತಿಳಿಯುತ್ತದೆ, ಅದು ಹೋದರೆ ಹೋದದ್ದೂ ತಿಳಿಯುತ್ತದೆ. ತಿಳಿಯುವುದೊಂದು ಎಲ್ಲಿಗೂ ಹೋಗದೆ ಇರುವುದನ್ನು ಅವಳು ಕೆಲಸ ಮಾಡುತ್ತಲೇ ಗಮನಿಸತೊಡಗಿದಳು.

ಅಷ್ಟರಲ್ಲಿ ಕಾರ್ತಿಕ ಬಂದಿತು. ಬರಿಮಣೆಯ ವ್ರತವು ಆ ಕಡವಿನಲ್ಲಿಯೂ ನಡೆಯುತ್ತಿತ್ತು. ಕಡೆಯ ಸೋಮವಾರ ಬಾಚವ್ವನು ಮಣೆ ತೊಳೆದು ರಂಗೋಲಿಯಿಟ್ಟು ದೀಪ ಹಚ್ಚಲು, ಅಂಬಿಗರ ಹೆಂಡಂದಿರು, ದಾರಿಯಲ್ಲಿ ತಂಗಿದ ಉಪ್ಪು ಮಾರುವವರು, ಜಾತ್ರೆ ಮುಗಿಸಿ ಬಂದ ಒಬ್ಬ ಬ್ರಾಹ್ಮಣ ಮುತ್ತೈದೆ, ಎಲ್ಲರೂ ಸುತ್ತ ಕುಳಿತರು. ಬಾಚವ್ವನು ಕ್ರಮ ಹೇಳಿಕೊಟ್ಟಳು. ಮೊದಲ ಹೂವನ್ನು ದೇಹವನ್ನು ನೆನೆದು ಇಡಬೇಕು: ಈ ದೇಹ ನನಗೆ ಕಾಣುತ್ತದೆ, ಕಾಣುವುದರಿಂದ ಇದು ನಾನಲ್ಲ. ಆಮೇಲೆ ಉಸಿರನ್ನು, ಆಮೇಲೆ ಬಂದುಹೋಗುವ ಯೋಚನೆಗಳನ್ನು, ಆಮೇಲೆ ತನ್ನ ಹೆಸರನ್ನು ನೆನೆದು ಒಂದೊಂದು ಹೂವು ಪಕ್ಕಕ್ಕಿಡಬೇಕು. ಕಡೆಯ ಹೂವಿಗೆ ಮಾತಿಲ್ಲ. ಇವೆಲ್ಲವನ್ನೂ ಕಂಡದ್ದು ಯಾವುದೋ ಅದನ್ನು ಕಣ್ಣು ಕಾಣದು, ನಾಲಗೆ ಹೇಳದು. ಅದಕ್ಕಾಗಿ ಆ ಹೂವನ್ನು ಬರಿಮಣೆಯ ಮೇಲಿಟ್ಟು ಸುಮ್ಮನೆ ಕುಳಿತಿರಬೇಕು. ಎದ್ದ ಮೇಲೆ, ತನ್ನೊಳಗಿರುವುದೇ ಎದುರಿನವರ ಒಳಗೂ ಇರುವುದೆಂದು ತಿಳಿದು, ಬಾಗಿಲಿಗೆ ಬಂದವರಿಗೆ ಮೊದಲು ಬಡಿಸಿ ತಾನು ಆಮೇಲೆ ಉಣ್ಣಬೇಕು.

ಹೆಸರಿನ ಹೂವು ಬಂದಾಗ ಎಲ್ಲರೂ ತಮ್ಮ ತಮ್ಮ ಹೆಸರು ಹೇಳಿ ಇಡಲು, ಇವಳು ಹೂವು ಹಿಡಿದು ಬಾಚವ್ವನ ಮುಖ ನೋಡಿದಳು.

"ನಮಗಿಂತ ನಿನಗೆ ಒಂದು ಕೆಲಸ ಕಡಿಮೆ" ಎಂದಳು ಬಾಚವ್ವ.

ಸುತ್ತಲಿನವರು ನಕ್ಕರು, ಇವಳೂ ನಕ್ಕಳು. ಹೊಳೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕಡೆಯ ಹೂವನ್ನಿಟ್ಟು ಎಲ್ಲರ ನಡುವೆ ಸುಮ್ಮನೆ ಕುಳಿತಳು. ಬೆಳಕೇನೂ ಬೀಳಲಿಲ್ಲ, ಆಕಾಶವಾಣಿ ಆಗಲಿಲ್ಲ. ತಾನು ಇದ್ದೇನೆ ಎಂಬುದೊಂದೇ ಇತ್ತು. ಅದಕ್ಕೆ ಹೆಸರು ಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಅಂದಿನಿಂದ ಅವಳು ದಾರಿಹೋಕರನ್ನು ತಡೆದು ನಾನು ಯಾರೆಂದು ಕೇಳುವುದನ್ನು ಬಿಟ್ಟಳು. ಭಯ ಹೋಯಿತು. ಕೂಸಿನ ನೋವು ಉಳಿಯಿತು. ಅದನ್ನು ಅವಳು ಓಡಿಸಲಿಲ್ಲ.

ಬೇಸಗೆಯಲ್ಲಿ ಒಂದು ಬಡ ಕುಟುಂಬವು ಕಡವಿಗೆ ಬಂದು ಇಳಿಯಿತು. ಅವರ ಕೂಸು ಬಿಸಿಲಿಗೆ ಅಳುತ್ತಿರಲು, ಮಜ್ಜಿಗೆ ಹೊಯ್ಯುತ್ತಿದ್ದವಳು ಚೊಂಬು ಇಟ್ಟು, ಅದನ್ನು ಎತ್ತಿಕೊಂಡು ಬೆನ್ನು ತಟ್ಟಿದಳು. ತಟ್ಟುತ್ತ ತಟ್ಟುತ್ತ ಅವಳ ಬಾಯಿಂದ ಸುಪ್ರಭೆ ಎಂಬ ಹೆಸರು ಬಂತು. ಆ ಹೆಸರಿನ ಹಿಂದೆ ತೊಟ್ಟಿಲು, ತೊಟ್ಟಿಲಿನ ಹಿಂದೆ ಅರಮನೆ, ಅರಸ, ಮಣೆಯ ಮೇಲೆ ತಾನು ಕುಳಿತದ್ದು, ಎಲ್ಲ ಒಂದೊಂದಾಗಿ ಬಂದವು. ಕೂಸನ್ನು ತಾಯಿಗೆ ಕೊಟ್ಟು, ಒಳಗೆ ಹೋಗಿ ಕುಳಿತು ಬಹಳ ಹೊತ್ತು ಅತ್ತಳು. ಬಾಚವ್ವನು ಬಂದಾಗ ಎಲ್ಲವನ್ನೂ ಹೇಳಿ, "ಅವ್ವಾ, ಮರೆತದ್ದನ್ನು ಕಂಡದ್ದೇ ನೆನಪಾದದ್ದನ್ನೂ ಕಂಡಿತು. ಅದಕ್ಕೆ ನಾನು ರಾಣಿಯಾದದ್ದು ಹೆಚ್ಚೂ ಅಲ್ಲ, ರಾಣಿಯಲ್ಲದೆ ಇದ್ದದ್ದು ಕಡಿಮೆಯೂ ಅಲ್ಲ" ಎಂದಳು.

ಆಮೇಲೆ ಬಾಚವ್ವನನ್ನು ಜೊತೆಗೆ ಕರೆದುಕೊಂಡು, ನಡೆದೇ ಕಂಕಣಪುರಕ್ಕೆ ಹೋದಳು. ಬಿಸಿಲಿಗೆ ಕಪ್ಪಾದ ಮೈ, ಹಣೆಯ ಮೇಲೆ ಗಾಯದ ಕಲೆ, ತೇಪೆಯ ಸೀರೆ. ಬಾಗಿಲ ಕಾವಲಿನವನು ಗುರುತು ಹಿಡಿಯದೆ, ಅನ್ನಸತ್ರ ಅತ್ತ ಕಡೆ ಇದೆಯೆಂದು ಕೈ ತೋರಿಸಿದನು. ಅವಳು ಸಿಟ್ಟಾಗಲಿಲ್ಲ. ದಾದಿ ಮಲ್ಲಿಯಕ್ಕನನ್ನು ಕರೆಯಪ್ಪಾ ಎಂದಷ್ಟೇ ಕೇಳಿಕೊಂಡಳು. ಮಲ್ಲಿಯಕ್ಕನು ಬರುತ್ತಲೇ ದನಿಯಿಂದಲೇ ತಿಳಿದು, ಅವಳ ಎರಡೂ ಕೈ ಹಿಡಿದುಕೊಂಡಳು. ಸುದ್ದಿ ಕೇಳಿ ಅರಸನು ಸಭೆಯಿಂದೆದ್ದು ಬರಿಗಾಲಿನಲ್ಲಿ ಬಂದನು. ರಾಣಿಯು ತಾನು ತಪ್ಪಿದ್ದನ್ನೂ, ಹೊಳೆಯಲ್ಲಿ ಹೋದದ್ದನ್ನೂ, ಬಾಚವ್ವನಿಂದ ಉಳಿದದ್ದನ್ನೂ ಎಲ್ಲರ ಎದುರಿಗೆ ಹೇಳಿದಳು. ಅರಸನು ಬಾಚವ್ವನಿಗೆ ಕೈಮುಗಿದನು.

ಅರಮನೆಯಲ್ಲಿ ಬರಿಮಣೆಯ ವ್ರತವು ಮೊದಲಿನ ಕ್ರಮಕ್ಕೆ ಬಂತು. ಎಬ್ಬಿಸಿ ಕಳುಹಿಸಿದ್ದವರ ಮನೆಗಳಿಗೆ ರಾಣಿಯು ತಾನೇ ಹೋಗಿ ಕರೆದು, ಅವರ ಸಾಲಿನಲ್ಲಿಯೇ ಕುಳಿತು ಹೂವಿಟ್ಟಳು. ಅವಳಿಗೆ ಮತ್ತೆ ಮಕ್ಕಳಾದರು, ರಾಜ್ಯದಲ್ಲಿ ಬೆಳೆಯಾಯಿತು, ಕಡವುಗಳಲ್ಲೆಲ್ಲ ಅರವಟ್ಟಿಗೆಗಳು ಎದ್ದವು.

ಮನೆಗೆ ಬಂದ ದಿನದ ಒಂದು ಮಾತು ಹೇಳದೆ ಕಥೆ ಮುಗಿಯದು. ಸುಪ್ರಭೆ ಆ ಹೊತ್ತಿಗೆ ನಡೆಯುತ್ತಿದ್ದಳು, ತೊದಲು ಮಾತು ಕಲಿತಿದ್ದಳು. ದಾದಿಯ ಸೀರೆಯ ಹಿಂದೆ ನಿಂತು, "ನೀನು ಯಾರು?" ಎಂದು ಕೇಳಿದಳು. ಹೇಳಲು ರಾಣಿಗೆ ಈಗ ಎಲ್ಲ ಹೆಸರುಗಳೂ ಇದ್ದವು. ಅವಳು ನೆಲದ ಮೇಲೆ ಕುಳಿತು, ಹಾಲನ್ನ ಕಲಸಿ ಒಂದು ತುತ್ತು ಮಾಡಿ, "ನಿಧಾನಕ್ಕೆ ತಿಳಿಯುತ್ತದೆ, ಮೊದಲು ಉಣ್ಣು" ಎಂದಳು. ಮಗು ಸ್ವಲ್ಪ ಹೊತ್ತು ನೋಡಿ, ಬಂದು ಬಾಯಿ ತೆರೆಯಿತು.

ಕನಕಾಂಬಿಕೆಗೆ ಕಳೆದದ್ದು ಕೈಸೇರಿದಂತೆ, ಎಂದೂ ಕಳೆಯದ್ದೂ ತಿಳಿದಂತೆ, ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ಇನ್ನೊಬ್ಬರಿಗೆ ಹೇಳಿದವರಿಗೂ ಅದೇ ಫಲ ದೊರೆಯಲಿ. ನಡುವೆ ತೂಕಡಿಸಿದವರಿಗೂ ಫಲ ಕಡಿಮೆಯಾಗದು. ತೂಕಡಿಸಿದ್ದನ್ನು ಬಲ್ಲದ್ದು ಒಳಗೆ ಎಚ್ಚರವಾಗಿಯೇ ಇತ್ತು. ಅಕ್ಷತೆಯನ್ನು ದೀಪದ ಬುಡಕ್ಕೆ ಹಾಕಿ. ಹೂವನ್ನು ಮಾತಿಲ್ಲದೆ ಮಣೆಯ ಮೇಲಿಡಿ.