ಚಾರ್ಟಿನ ಹಿಂಬದಿ

ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಚೆನ್ನಬಸಪ್ಪನವರಿಗೆ ಉಳಿದದ್ದು ಒಂದೇ ಸುಖ. ಹೆಂಡತಿ, ಮಗಳ ಜೊತೆ ಪೇಪರಿನ ಸುಡೊಕು ತುಂಬುವುದು. ಕೊನೆಯ ಅಂಕಿ ಯಾವಾಗಲೂ ಅವರದೇ.

"ಇದು ಆಸ್ಪತ್ರೆಯೋ, ಅರಳಿಕಟ್ಟೆಯೋ? ನನ್ನ ವಾರ್ಡಿನಲ್ಲಿ ಚಾರ್ಟ್ ಬಿಟ್ಟು ಬೇರೆ ಕಾಗದ ಇರಕೂಡದು!" ದೊಡ್ಡ ಡಾಕ್ಟರು ಗುಡುಗಿದರು.

ಆಯಾ ನೀಲವ್ವ ದಿನದಿನದ ಸುಡೊಕುವನ್ನು ಚಾರ್ಟಿನ ಹಿಂಬದಿಗೇ ಅಂಟಿಸತೊಡಗಿದಳು.

ಒಂದು ದಿನ ಡಾಕ್ಟರು ಚಾರ್ಟ್ ತಿರುಗಿಸಿ ಕೆಂಡವಾದರು. "ಏನಿದು?"

"ಚಾರ್ಟೇ ರೀ ಸಾಹೇಬ್ರ. ಅಜ್ಜಾರು ನಿನ್ನೆ ಒಂಬತ್ತು ಅಂಕಿ ಬರದಿದ್ರು, ಇವತ್ತು ಬರೇ ನಾಕು. ಇದು ಮುಂದಿನ ಬದಿಗೆ ಐತೇನ್ರಿ?"

ಅಂದಿನಿಂದ ಡಾಕ್ಟರು ಮೊದಲು ಹಿಂಬದಿಯನ್ನೇ ನೋಡುತ್ತಿದ್ದರು.

ಶುಕ್ರವಾರ ರಾತ್ರಿ ಚೆನ್ನಬಸಪ್ಪನವರು ತೀರಿಕೊಂಡರು; ಶನಿವಾರ ಹಾಸಿಗೆ ಖಾಲಿಯಾಗಿತ್ತು. ಸುಡೊಕುವಿನಲ್ಲಿ ಒಂದೇ ಮನೆ ಉಳಿದಿತ್ತು. ಡಾಕ್ಟರು ಪೆನ್ನು ತೆಗೆದರು.

"ಬ್ಯಾಡ್ರಿ ಸಾಹೇಬ್ರ," ಎಂದಳು ನೀಲವ್ವ. "ಅದು ಅವರದು."