ಹಿಂದಕ್ಕೆ ತಿರುಗಿದ ಗಿರಣಿ

“ಚೀಲ ಕೆಳಗಿಟ್ಟು ಕೂತ್ಕೋ ಕುಮುದಾ. ನಿಂತು ಕೇಳುವ ಪ್ರಶ್ನೆಯಲ್ಲ ನಿನ್ನದು” ಎಂದೆ.

ಆಸ್ಪತ್ರೆಯ ನರ್ಸು ಕುಮುದಾ. ಸೂಲಗಿತ್ತಿಯಾದ ನನ್ನ ಹತ್ತಿರ ಬಾಣಂತಿಯರ ಆರೈಕೆ ಕಲಿಯಲು ಬರುತ್ತಾಳೆ. ಅವತ್ತು ಬಾಗಿಲಲ್ಲೇ ನಿಂತು ಕೇಳಿದವಳ ಮುಖ ಬಿಳಿಚಿಕೊಂಡಿತ್ತು. ಕೂತು ಮೊದಲಿನಿಂದ ಹೇಳಿದಳು.

“ಅಜ್ಜಿ, ಹುಟ್ಟಿದ ಕೂಸೊಂದು ಎರಡು ನಿಮಿಷ ಉಸಿರಾಡಲಿಲ್ಲ. ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ನಮ್ಮ ಜೀವಕೋಶಗಳೊಳಗೆ ಕಣ್ಣಿಗೆ ಕಾಣದ ಚಕ್ರಗಳಿವೆಯಂತೆ. ಅವು ತಿರುಗಿ ಶಕ್ತಿಯ ಕಣಗಳನ್ನು ಕಟ್ಟುತ್ತವಂತೆ. ಉಸಿರು ನಿಂತರೆ ಅದೇ ಚಕ್ರ ಹಿಂದಕ್ಕೆ ತಿರುಗಿ, ತಾನು ಕಟ್ಟಿದ್ದನ್ನು ತಾನೇ ಮುರಿಯುತ್ತದಂತೆ! ದೇವರು ಇಂಥದ್ದನ್ನು ಯಾಕೆ ಇಟ್ಟ?”

ನಾನು ಕತೆ ಹೇಳಿದೆ.

ಒಬ್ಬ ಗಿರಣಿಯವನಿದ್ದ. ಮೇಲೊಂದು ಹೊಂಡ, ಕೆಳಗೊಂದು ಹೊಂಡ. ಮೇಲಿನ ನೀರು ಕೆಳಗೆ ಧುಮುಕುವಾಗ ನಡುವಿನ ಚಕ್ರ ತಿರುಗುತ್ತಿತ್ತು, ಹಿಟ್ಟು ಬೀಳುತ್ತಿತ್ತು. ಒಂದು ದಿನ ಗುಡ್ಡ ಕುಸಿದು ಹಳ್ಳ ಕಟ್ಟಿಕೊಂಡಿತು. ಮೇಲಿನ ಹೊಂಡಕ್ಕೆ ನೀರು ಬರುವುದು ನಿಂತಿತು.

ತವರಿನಿಂದ ಬಂದ ಹೆಂಡತಿ ಬಾಗಿಲಲ್ಲೇ ಕಲ್ಲಾದಳು. ಹಿಟ್ಟಿನ ಮೂಟೆಗಳು ಅರ್ಧಕ್ಕರ್ಧ ಖಾಲಿ. ನಾಲ್ಕು ಆಳುಗಳು ಮುದ್ದೆ ಉಂಡು ಚಕ್ರವನ್ನು ಹಿಂದಕ್ಕೆ ತುಳಿಯುತ್ತಿದ್ದಾರೆ. ಕೆಳಗಿನ ನೀರು ಮೇಲಕ್ಕೆ ಹೋಗುತ್ತಿದೆ.

“ಅಯ್ಯೋ ನನ್ನ ಕರ್ಮವೇ! ಹಿಟ್ಟು ಮಾಡೋ ಗಿರಣಿಗೇ ಹಿಟ್ಟು ತಿನ್ನಿಸ್ತಾ ಇದೀರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?”

“ಮೇಲಿನ ಹೊಂಡದ ತಳ ಜೇಡಿಮಣ್ಣು ಕಣೇ. ಒಣಗಿದರೆ ಬಿರಿಯುತ್ತೆ. ಬಿರಿದ ಮೇಲೆ ಸಮುದ್ರ ತಂದು ಸುರಿದರೂ ನಿಲ್ಲಲ್ಲ.”

ಅವಳು ಕೇಳಲಿಲ್ಲ. ಒನಕೆ ತಂದು ಚಕ್ರಕ್ಕೆ ಸಿಕ್ಕಿಸಿದಳು. ಹಿಟ್ಟು ಉಳಿಯಿತು. ತಳ ಬಿರಿಯಿತು. ತಿಂಗಳ ಮೇಲೆ ಹಳ್ಳ ಬಿಟ್ಟುಕೊಂಡಾಗ ಹೊಂಡ ನೀರನ್ನು ಕುಡಿಯಿತು, ಕುಡಿಯಿತು, ತುಂಬಲೇ ಇಲ್ಲ.

“ಹಾಗಾದರೆ ಒನಕೆ ಇಟ್ಟದ್ದೇ ತಪ್ಪು!” ಎಂದಳು ಕುಮುದಾ.

“ತಡಿ ತಾಯಿ, ಅವಸರ ಮಾಡಬೇಡ. ಅದೇ ಹಳ್ಳದ ಕೆಳಗೆ ಇನ್ನೊಬ್ಬ ಗಿರಣಿಯವನಿದ್ದ. ಅವನೂ ಚಕ್ರ ಹಿಂದಕ್ಕೆ ತುಳಿಸಿದ. ಒನಕೆ ಇಡಲೇ ಇಲ್ಲ. ಹೊಂಡದ ತಳ ಕೊನೆಯವರೆಗೂ ಹಸಿಯಾಗಿತ್ತು. ಆದರೆ ಹಿಟ್ಟೆಲ್ಲ ಮುಗಿದು, ನೀರು ಬಂದ ದಿನ ತೂಬು ಎತ್ತಲು ಆ ಮನೆಯಲ್ಲಿ ಒಂದು ಜೀವವೂ ಉಳಿದಿರಲಿಲ್ಲ.”

ಕುಮುದಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಮೊದಲನೆಯ ಗಿರಣಿಯವನು ಕೂಲಿಗೆ ಕಲ್ಲು ಒಡೆಯಲು ಹೋದ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರು ಸೇರಿದಳು. ಆಳುಗಳು ದಿಕ್ಕಿಗೊಬ್ಬರಾದರು. ಒನಕೆ ಅಲ್ಲೇ ಗೆದ್ದಲು ಹಿಡಿಯಿತು.

“ಮತ್ತೆ ಅದನ್ನು ಯಾವಾಗ ಇಡಬೇಕು ಅಜ್ಜಿ, ಯಾವಾಗ ತೆಗೆಯಬೇಕು? ಯಾರಿಗೆ ಗೊತ್ತಾಗುತ್ತೆ?”

“ನನ್ನ ಈ ಕೈಯಲ್ಲಿ ಹುಟ್ಟಿದಾಗ ನೀನು ಮೂರು ನಿಮಿಷ ಉಸಿರಾಡಲಿಲ್ಲ ಮಗಳೇ, ಆಗ ನಿನ್ನೊಳಗಿನ ಆ ಚಕ್ರಗಳಿಗೆ ಒನಕೆ ಇಟ್ಟು, ಹೊತ್ತು ನೋಡಿ ತೆಗೆದವರು ಯಾರು?”

ಕುಮುದಾ ತನ್ನ ಕೈಗಳನ್ನೇ ನೋಡುತ್ತ ಕೂತಳು.